ಮನೆಗೆ ಡ್ರಿಲ್ ಮಷೀನ್ ತಗೊಳ್ಳೋ ಮುಂಚೆ ಗೋಡೆ ತಟ್ಟಿ ನೋಡಿ: ಇಂಪ್ಯಾಕ್ಟ್ ಡ್ರಿಲ್ಲಾ, ರೋಟರಿ ಹ್ಯಾಮರ್ರಾ, ಬ್ಯಾಟರಿದಾ?

ಕರ್ಟನ್ ರಾಡ್ ಹಾಕೋಕೆ ಅಂತಾನೇ ಡ್ರಿಲ್ ಮಷೀನ್ ತರಿಸಿ, ಕೊನೆಗೆ ಅದೇ ಕರ್ಟನ್ ರಾಡಿನ ತೂತು ಹೊಡೆಯೋಕಾಗ್ದೆ ಸ್ಟೂಲ್ ಮೇಲೆ ಬೆವರು ಸುರಿಸ್ತಾ ನಿಂತೋರು ಎಷ್ಟು ಜನ ಇದೀರ, ಕೈ ಎತ್ತಿ ನೋಡೋಣ. ನಾನಂತೂ ಎರಡೂ ಕೈ ಎತ್ತುತೀನಿ. ಬೆಂಗಳೂರಲ್ಲಿ ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಬಂದ ಮೊದಲನೇ ವಾರ, ಆಫರ್ ಇದೆ ಅಂತ 600 ವ್ಯಾಟಿನ 13 ಎಂಎಂ ಇಂಪ್ಯಾಕ್ಟ್ ಡ್ರಿಲ್ಲು (13 ಎಂಎಂ ಅಂದ್ರೆ ಅದು ಹಿಡಿಯೋ ಬಿಟ್ಟಿನ, ಅಂದ್ರೆ ತೂತು ಕೊರೆಯೋ ಕಡ್ಡಿಯ, ಗರಿಷ್ಠ ದಪ್ಪ), ಜೊತೆಗೆ ಸೂಟ್‌ಕೇಸ್ ಥರದ ಪ್ಲಾಸ್ಟಿಕ್ ಪೆಟ್ಟಿಗೆ ತುಂಬಾ ನೂರು ಐಟಮ್ಮು ಅಂತ ಬರತ್ತಲ್ಲ, ಅದನ್ನ ತರಿಸಿದ್ದೆ. ಕಿಟಕಿ ಮೇಲೆ ಪೆನ್ಸಿಲಲ್ಲಿ ಮಾರ್ಕ್ ಮಾಡಿ ಟ್ರಿಗರ್ ಒತ್ತಿದ್ರೆ ಮೊದಲು ಪ್ಲಾಸ್ಟರ್ ಅಷ್ಟು ಸರ್ರಂತ ಒಳಗೆ ಹೋಯ್ತು, ಆಹಾ ಎಷ್ಟು ಸುಲಭ ಅಂದ್ಕೊಂಡೆ, ಆಮೇಲೆ ನಿಂತೇ ಹೋಯ್ತು. ಬರೀ ಕಿರ್ರೋ ಅಂತ ಸದ್ದು, ಒಂದು ಕಾಳಷ್ಟೂ ಮುಂದಕ್ಕೆ ಹೋಗಲ್ಲ. ನಾನು ಇನ್ನೂ ಜೋರಾಗಿ ಒತ್ತಿದೆ, ಭುಜ ಕೊಟ್ಟು ಒತ್ತಿದೆ. ಕೆಳಗಡೆ ಸ್ಟೂಲ್ ಹಿಡ್ಕೊಂಡಿದ್ದ ಹೆಂಡತಿ "ರೀ, ಹೊಗೆ ಬರ್ತಿದೆ ನೋಡ್ರೀ" ಅಂದಾಗ ಹೊರಗೆ ತೆಗೆದೆ. ಬಿಟ್ಟಿನ ತುದಿ ಸುಟ್ಟು ನೀಲಿ ಬಣ್ಣಕ್ಕೆ ತಿರುಗಿತ್ತು, ತುದಿಯಲ್ಲಿ ಬೆಸುಗೆ ಹಾಕಿರೋ ಗಟ್ಟಿ ಚೂರು ಇರತ್ತಲ್ಲ ಕಾರ್ಬೈಡು, ಅದು ಇರಲೇ ಇಲ್ಲ. ತೂತಿನೊಳಗೇ ಉಳ್ಕೊಂಡಿತ್ತು.

ಮಾರನೇ ದಿನ ವಾರ್ಡ್‌ರೋಬ್ ಕೆಲಸಕ್ಕೆ ಬಂದಿದ್ದ ಆಚಾರ್ರಿಗೆ ತೋರ್ಸಿದೆ, ಮಷೀನೇ ಡಬ್ಬಾ ಕಳಿಸಿದಾರೆ ಆಚಾರ್ರೇ, ವಾಪಸ್ ಕಳಿಸ್ತೀನಿ ಅಂತ. ಅವರು ಗೋಡೇನ ಬೆರಳ ಗಿಣ್ಣಲ್ಲಿ ಎರಡು ಸಲ ಕೆಳಗೆ, ಎರಡು ಸಲ ಮೇಲೆ ತಟ್ಟಿದ್ರು. "ಸಾರ್, ಮಷೀನು ಚೆನ್ನಾಗೇ ಐತೆ. ಇದು ಲಿಂಟ್ಲು. ಇದಕ್ಕೆ ಆ ಮಷೀನಲ್ಲ" ಅಂದ್ರು. ಲಿಂಟ್ಲು ಅಂದ್ರೆ ಕಿಟಕಿ ಮೇಲಿನ ಕಾಂಕ್ರೀಟ್ ತೊಲೆ. ಅವರ ಹತ್ರ ಇದ್ದಿದ್ದು ಸಿಮೆಂಟ್ ಮೆತ್ಕೊಂಡು ಬಣ್ಣಾನೇ ಕಾಣದಿರೋ ಹಳೇ ರೋಟರಿ ಹ್ಯಾಮರ್ರು. ನಂದು ಹಳ್ಳ ಬಿದ್ದಿದ್ದ ಜಾಗದಿಂದ ಒಂದಿಂಚು ಪಕ್ಕಕ್ಕೆ ಇಟ್ಟು, ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಲಿ ಬೀಡಿ ಇದ್ದಿದ್ರೂ ಆಗ್ತಿತ್ತೇನೋ ಅಷ್ಟು ಆರಾಮಾಗಿ, ಹತ್ತು ಸೆಕೆಂಡಲ್ಲಿ ಎರಡಿಂಚು ಇಳಿಸಿಬಿಟ್ರು.

ಇದನ್ನ ಯಾಕೆ ಇಷ್ಟುದ್ದ ಹೇಳ್ದೆ ಅಂದ್ರೆ, ಡ್ರಿಲ್ ತಗೊಳ್ಳೋರೆಲ್ಲ ಎಷ್ಟು ವ್ಯಾಟು, ಯಾವ ಬ್ರಾಂಡು, ಜೊತೆಗೆ ಎಷ್ಟು ಐಟಮ್ ಫ್ರೀ ಅಂತ ಕೇಳ್ತಾರೆ, ನಿಮ್ಮ ಗೋಡೆ ಯಾವುದು ಅಂತ ಯಾರೂ ಕೇಳಲ್ಲ. ಅಂಗಡಿಯವರೂ ಕೇಳಲ್ಲ. ನನ್ನ ಪ್ರಕಾರ ಮೊದಲು ಗೋಡೆ, ಆಮೇಲೆ ಮಷೀನು. ಬೆಂಗಳೂರು ಥರದ ಊರಲ್ಲಿ ಎಲ್ಲರೂ ತಗೊಳ್ಳೋ ಆ 13 ಎಂಎಂ ಕಿಟ್ಟು ಬಹಳ ಮನೆಗಳಿಗೆ ಅತ್ತೂ ಇಲ್ಲ ಇತ್ತೂ ಇಲ್ಲ ಅನ್ನೋ ಮಷೀನು.

ಹಂಗಾದ್ರೆ ಗೋಡೆಯಿಂದಾನೇ ಶುರು ಮಾಡೋಣ. ನಮ್ಮ ಕಡೆ ಮನೆಗಳಲ್ಲಿ ಸಿಗೋದು ಹೆಚ್ಚುಕಮ್ಮಿ ಐದು ಥರ. ಹಳೇ ಮನೆಗಳಲ್ಲಿ ಸುಟ್ಟ ಕೆಂಪು ಇಟ್ಟಿಗೆ. ಈಗ ಇಪ್ಪತ್ತು ಮೂವತ್ತು ವರ್ಷದಿಂದ 30x40 ಅಡಿ ಸೈಟುಗಳಲ್ಲಿ ಕಟ್ಟೋ ಮನೆಗಳಿಗೆ ಜಾಸ್ತಿ 4 ಇಂಚು, 6 ಇಂಚು, 8 ಇಂಚಿನ ಸಾಲಿಡ್ ಬ್ಲಾಕು. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಎಎಸಿ ಬ್ಲಾಕು, ಅಂದ್ರೆ ಬ್ರೆಡ್ ಥರ ಒಳಗೆಲ್ಲ ಗಾಳಿ ಗುಳ್ಳೆ ಇರೋ ಹಗುರದ ಬ್ಲಾಕು, ಒಂದು ತುಂಡು ಬಕೆಟ್ ನೀರಿಗೆ ಹಾಕಿದ್ರೆ ತೇಲತ್ತೆ. ದೊಡ್ಡ ದೊಡ್ಡ ಟವರುಗಳಲ್ಲಿ ಮೈವಾನ್ ಅಂತಾರೆ, ಅಲ್ಯೂಮಿನಿಯಂ ಅಚ್ಚು ಕಟ್ಟಿ ಗೋಡೆ ರೂಫು ಎಲ್ಲ ಒಟ್ಟಿಗೆ ಕಾಂಕ್ರೀಟ್ ಸುರಿಯೋದು, ಅಲ್ಲಿ ಗೋಡೆ ಅಂದ್ರೆ ಪೂರ್ತಿ ಆರ್‌ಸಿಸಿನೇ. ಕರಾವಳಿ ಕಡೆ ಮುರಕಲ್ಲು, ಕೆಂಪುಕಲ್ಲು ಅಂತಾನೂ ಅಂತಾರೆ.

ಈಗ ಮಜಾ ಏನು ಅಂದ್ರೆ ಗೋಡೆ ಯಾವುದೇ ಇರಲಿ, ಮೈವಾನ್ ಬಿಟ್ಟು ಹೇಳ್ತಿದೀನಿ, ಕಿಟಕಿ ಬಾಗಿಲ ಮೇಲೆ ಲಿಂಟಲ್ ಅಂತ ಕಂಬಿ ಹಾಕಿ ಕಾಂಕ್ರೀಟ್ ಹಾಕಿರ್ತಾರೆ, ಅದು ಕಿಟಕಿ ಅಗಲಕ್ಕೆ ಮುಗಿಯಲ್ಲ, ಎರಡೂ ಕಡೆ ಗೋಡೆ ಮೇಲೆ ಕೂರೋಕೆ ಅಂತ ಇನ್ನೂ ಅರ್ಧ ಮುಕ್ಕಾಲು ಅಡಿ ಹೋಗಿರತ್ತೆ, ಕೆಲವು ಮನೆಲಂತೂ ಇಡೀ ಗೋಡೆ ಸುತ್ತ ಬೆಲ್ಟ್ ಥರ ಹೋಗಿರತ್ತೆ. ಕರ್ಟನ್ ರಾಡಿನ ಬ್ರಾಕೆಟ್ ಬರೋದು ಕರೆಕ್ಟಾಗಿ ಅಲ್ಲೇ. ಫ್ಯಾನ್ ಹುಕ್ಕು, ಉಯ್ಯಾಲೆ ಕೊಕ್ಕೆ, ಬಟ್ಟೆ ಒಣಗಿಸೋ ಸೀಲಿಂಗ್ ಹ್ಯಾಂಗರ್ರು ಬರೋದು ರೂಫಲ್ಲಿ. ಅಂದ್ರೆ ಮನೆಲಿ ನಾವು ಹೊಡೆಯೋ ತೂತುಗಳಲ್ಲಿ ಮುಖ್ಯವಾದ ಅರ್ಧ ತೂತು ಕಾಂಕ್ರೀಟಲ್ಲೇ ಇರತ್ತೆ, ಅದರಲ್ಲಿ ಜಲ್ಲಿ ಇರತ್ತೆ, ನಮ್ಮ ಕಡೆ ಜಲ್ಲಿ ಅಂದ್ರೆ ಕರೀಕಲ್ಲು ಒಡೆದಿದ್ದು, ಗ್ರಾನೈಟ್ ಜಾತಿ. ಬಿಟ್ಟು ಆ ಒಂದು ಕಲ್ಲಿನ ಮೇಲೆ ಕೂತ್ರೆ ಇಂಪ್ಯಾಕ್ಟ್ ಡ್ರಿಲ್ಲು ಪಾಪ ಏನ್ ಮಾಡತ್ತೆ.

ಗೋಡೆ ಯಾವುದು ಅಂತ ಗೊತ್ತಿಲ್ಲ ಅಂದ್ರೆ ತಟ್ಟಿ ನೋಡೋದು ಒಂದು, ಆದ್ರೆ ಅದಕ್ಕೆ ಆಚಾರ್ರ ಕಿವಿ ಬೇಕು. ನಂಗೆ ಕೈಗೆ ಹತ್ತಿದ್ದು ಪುಡಿ ನೋಡೋದು. ಎಲ್ಲಾದ್ರೂ ಮೂಲೇಲಿ, ಕ್ಯಾಲೆಂಡರ್ ಮುಚ್ಚೋ ಜಾಗದಲ್ಲಿ ಸಣ್ಣ ಬಿಟ್ಟಲ್ಲಿ ತೂತು ಮಾಡಿ, ಕೆಳಗೆ ಒಂದು ಲಕೋಟೆ ಅಂಟಿಸಿ ಪುಡಿ ಹಿಡೀರಿ. ಮೊದಲ ಅರ್ಧ ಇಂಚು ಪ್ಲಾಸ್ಟರ್ರು, ಅದು ಹೆಚ್ಚುಕಮ್ಮಿ ಎಲ್ಲಾ ಕಡೆ ಬೂದು ಬಣ್ಣಾನೇ, ಲೆಕ್ಕಕ್ಕೆ ತಗೋಬೇಡಿ. ಆಮೇಲೆ ಅರಿಶಿನ ಕುಂಕುಮದ ಬಟ್ಟಲ ಥರ ಕೆಂಪು ಪುಡಿ ಬಂದ್ರೆ ಇಟ್ಟಿಗೆ. ಬೆಣ್ಣೆಗೆ ಚಾಕು ಹಾಕ್ದಂಗೆ ಒಳಗೆ ಹೋಗಿ ಬಿಳಿ ಬಿಳಿ ಬೂದು ಹಿಟ್ಟು ಬಂದ್ರೆ ಎಎಸಿ. ಬೂದು ಬಣ್ಣದ ತರಿ ತರಿ ಪುಡಿ, ಒಂದೊಂದು ಕಡೆ ಬೇಗ ಒಂದೊಂದು ಕಡೆ ನಿಧಾನ ಹೋಗ್ತಿದ್ರೆ ಸಾಲಿಡ್ ಬ್ಲಾಕು. ನುಣ್ಣನೆ ಬೂದು ಪುಡಿ, ಅದೂ ಕೃಪಣನ ಕೈಯಿಂದ ಕಾಸು ಉದುರ್ದಂಗೆ ಚೂರು ಚೂರು ಬರ್ತಿದ್ರೆ ಕಾಂಕ್ರೀಟು. ಪುಡಿ ಜೊತೆ ಮಿಣ ಮಿಣ ಹೊಳೆಯೋ ಲೋಹದ ಚೂರು ಬಂತು ಅಂದ್ರೆ ತಕ್ಷಣ ನಿಲ್ಲಿಸಿ, ಕಂಬಿ ಸಿಕ್ಕಿದೆ, ಯಾವ ಮಷೀನ್ ಇದ್ರೂ ಒಂದೂವರೆ ಇಂಚು ಪಕ್ಕಕ್ಕೆ ಹೋಗೋದೇ ಬುದ್ಧಿವಂತಿಕೆ. ಕಂಬಿ ಕಡಿಯೋಕೆ ಹೋಗ್ಬೇಡಿ, ಅದು ಮನೆ ಎತ್ತಿ ಹಿಡಿದಿರೋ ಕಂಬಿ.

ಈಗ ಮಷೀನಿಗೆ ಬರೋಣ. ಇಂಪ್ಯಾಕ್ಟ್ ಡ್ರಿಲ್ಲು ಮತ್ತೆ ರೋಟರಿ ಹ್ಯಾಮರ್ರು ಎರಡರ ಮೇಲೂ ಸುತ್ತಿಗೆ ಚಿತ್ರ ಇರತ್ತೆ, ಹಂಗಾಗಿ ಎರಡೂ ಒಂದೇ, ಒಂದು ಚಿಕ್ಕದು ಒಂದು ದೊಡ್ಡದು ಅಂತ ಬಹಳ ಜನ ಅಂದ್ಕೊಂಡಿದಾರೆ, ನಾನೂ ಹಂಗೇ ಅಂದ್ಕೊಂಡಿದ್ದೆ. ಒಳಗಡೆ ಇರೋ ಲೆಕ್ಕಾಚಾರಾನೇ ಬೇರೆ. ಇಂಪ್ಯಾಕ್ಟ್ ಡ್ರಿಲ್ಲಿನ ಒಳಗೆ ಹಲ್ಲಿರೋ ಎರಡು ಬಿಲ್ಲೆ ಎದುರುಬದುರು ಇರತ್ತೆ, ಒಂದು ತಿರುಗತ್ತೆ ಇನ್ನೊಂದು ನಿಂತಿರತ್ತೆ, ಹಲ್ಲಿನ ಮೇಲೆ ಹಲ್ಲು ಹತ್ತಿ ಇಳೀವಾಗ ಕಟಕಟ ಅಂತ ಬಿಟ್ಟು ಒಂದು ಕೂದಲೆಳೆಯಷ್ಟು ಮುಂದೆ ಹಿಂದೆ ಆಗತ್ತೆ, ಅಷ್ಟೇ ಅದರ ಸುತ್ತಿಗೆ. ಪೆಟ್ಟಿಗೆ ಮೇಲೆ ನಿಮಿಷಕ್ಕೆ 2800 ಸುತ್ತು, 44800 ಬಡಿತ ಅಂತ ಬರೆದಿರ್ತಾರೆ, ಅಬ್ಬಾ ಅನ್ಸತ್ತೆ, ಭಾಗಿಸಿ ನೋಡಿ 16 ಬರತ್ತೆ, ಅಂದ್ರೆ ಒಂದೊಂದು ಸುತ್ತಲ್ಲೂ 16 ಹಲ್ಲು, ಬಡಿತದ ಗುಟ್ಟು ಅದೇ. ಆ ಬಡಿತಕ್ಕೆ ಬಲ ಎಲ್ಲಿಂದ ಬರ್ಬೇಕು? ನಿಮ್ಮ ಭುಜದಿಂದ. ನೀವು ಒತ್ತಿದಷ್ಟು ಅದು ಬಡಿಯತ್ತೆ. ಇಟ್ಟಿಗೆಗೆ, ಸಾಲಿಡ್ ಬ್ಲಾಕಿಗೆ ಅದು ಸಾಕು, ಜಲ್ಲಿ ಕಲ್ಲಿಗೆ ಸಾಲಲ್ಲ.

ರೋಟರಿ ಹ್ಯಾಮರಲ್ಲಿ ಸ್ಕೂಟರ್ ಇಂಜಿನ್ನಿನ ಥರ ಸಿಲಿಂಡರ್ರು ಪಿಸ್ಟನ್ನು ಇರತ್ತೆ. ಮೋಟರು ಪಿಸ್ಟನ್ ತಳ್ಳತ್ತೆ, ಪಿಸ್ಟನ್ನು ಗಾಳಿ ತಳ್ಳತ್ತೆ, ಆ ಗಾಳಿ ಒತ್ತಡಕ್ಕೆ ಒಂದು ಉಕ್ಕಿನ ಗುಂಡು ಮುಂದೆ ಹಾರಿ ಬಿಟ್ಟಿನ ಬೆನ್ನಿಗೆ ಬಡಿಯತ್ತೆ. ಮನೆ ಬಳಕೆಯ ಎರಡು ಎರಡೂವರೆ ಕೆಜಿ ಮಷೀನಲ್ಲಿ ಒಂದೊಂದು ಪೆಟ್ಟು 2 ಜೂಲ್ ಆಸುಪಾಸು. ಜೂಲ್ ಅಂದ್ರೆ ತಲೆ ಕೆಡಿಸ್ಕೋಬೇಡಿ, ಅರ್ಧ ಕೆಜಿ ಸುತ್ತಿಗೆ 40 ಸೆಂಟಿಮೀಟರ್ ಎತ್ತರದಿಂದ ಬಿಟ್ಟಂಗೆ, ಅಂಥ ಪೆಟ್ಟು ನಿಮಿಷಕ್ಕೆ ನಾಲ್ಕೈದು ಸಾವಿರ. ನೀವು ಸುಮ್ನೆ ಹಿಡ್ಕೊಂಡ್ರೆ ಸಾಕು, ಒತ್ತಿದ್ರೆ ಇನ್ನೂ ಕೆಟ್ಟದಾಗಿ ಕೆಲಸ ಮಾಡತ್ತೆ, ಯಾಕಂದ್ರೆ ಬಿಟ್ಟಿಗೆ ಒಳಗೆ ಆಡೋಕೆ ಜಾಗ ಬೇಕು. ಅದಕ್ಕೇ ಇದರ ಬಿಟ್ಟುಗಳ ಹಿಂಬದಿ ಬೇರೆ ಥರ ಇರತ್ತೆ, ಉದ್ದಕ್ಕೆ ಕಾಲುವೆ ಥರ ಕೊರೆದಿರೋ 10 ಎಂಎಂ ದಪ್ಪದ ಕಾಂಡ, ಎಸ್‌ಡಿಎಸ್ ಪ್ಲಸ್ ಅಂತಾರೆ. ಬಾಷ್‌ನೋರು 1975ರಲ್ಲಿ ತಂದ ಎಸ್‌ಡಿಎಸ್ ಪದ್ಧತಿ ಇದು, ಚಕ್ಕು, ಅಂದ್ರೆ ಬಿಟ್ಟು ಹಿಡಿಯೋ ಬಾಯಿ, ಬಿಗಿಯೋಕೆ ಕೀ ಬೇಡ, ತಳ್ಳಿ ತಿರುಗಿಸಿದ್ರೆ ಕಟಕ್ ಅಂತ ಕೂರತ್ತೆ. ಹಾಕೋ ಮುಂಚೆ ಹಿಂಬದಿಗೆ ಒಂಚೂರು ಗ್ರೀಸ್ ಸವರಿ. ಅಂಗಡಿಯೋರು ಇದನ್ನ ಹೇಳಲ್ಲ, ಗ್ರೀಸ್ ಇಲ್ದೆ ಓಡಿಸಿದ್ರೆ ಆ ಬಾಯಿ ಸವೆದು ಬಿಟ್ಟು ಲೊಡಲೊಡ ಅನ್ನೋಕೆ ಶುರು ಮಾಡತ್ತೆ.

ಹಂಗಾದ್ರೆ ಎಲ್ಲರೂ ರೋಟರಿನೇ ತಗೊಂಡ್ರಾಯ್ತಲ್ಲ ಅಂತೀರ. ಇಲ್ಲಿ ಒಂದು ಕೊಕ್ಕೆ ಇದೆ. ಮರಕ್ಕೆ, ಕಬ್ಬಿಣಕ್ಕೆ ಇದು ಆಗ್ಬರಲ್ಲ. ಸ್ಪೀಡು ಸಾವಿರ ಸುತ್ತಿನ ಆಸುಪಾಸಲ್ಲೇ ಇರತ್ತೆ, ಬಿಟ್ಟು ಆಡೋ ಥರ ಕೂತಿರೋದ್ರಿಂದ ತುದಿ ಓಲಾಡತ್ತೆ, 3 ಎಂಎಂ ತೂತು ಪ್ಲೈವುಡ್ಡಿಗೆ ಹಾಕೋಕೆ ಹೋದ್ರೆ ಬಡಗಿ ನೋಡಿದ್ರೆ ಅಳ್ತಾನೆ. ಮಾಮೂಲಿ ಚಕ್ಕು ಸಿಕ್ಕಿಸೋ ಅಡಾಪ್ಟರ್ ಸಿಗತ್ತೆ, ಕಿಟ್ಟಲ್ಲೇ ಕೊಡ್ತಾರೆ ಕೆಲವರು, ಅದು ಇನ್ನೊಂದು ನಾಲ್ಕಿಂಚು ಉದ್ದ ಮಾಡಿ ಇನ್ನೂ ಓಲಾಡಿಸತ್ತೆ. ಸ್ಕ್ರೂ ಬಿಗಿಯೋಕಂತೂ ಕೇಳ್ಲೇಬೇಡಿ, ಎರಡೂವರೆ ಕೆಜಿ ಮಷೀನ್ ಹಿಡಿದು ಕಬೋರ್ಡಿನ ಹಿಂಜಿಗೆ ಸ್ಕ್ರೂ ಹಾಕೋದು ಅಂದ್ರೆ ಒನಕೆ ಹಿಡ್ಕೊಂಡು ಏಲಕ್ಕಿ ಕುಟ್ಟಿದಂಗೆ.

ಅಲ್ಲಿಗೆ ಬರೋದು ಬ್ಯಾಟರಿ ಡ್ರಿಲ್ಲು. ಇದನ್ನ ನಾನು ಬಹಳ ದಿನ ಆಟಿಕೆ ಅಂತ ಅಂದ್ಕೊಂಡಿದ್ದೆ, ಈಗ ವಾರಕ್ಕೆ ಮೂರು ಸಲ ಕೈಗೆ ಬರೋ ಮಷೀನು ಇದೊಂದೇ. ಬಾಗಿಲ ಚಿಲಕ ಸಡಿಲ ಆಯ್ತು, ಮಗಳ ಸೈಕಲ್ಲಿನ ಮಡ್‌ಗಾರ್ಡ್ ಅಲ್ಲಾಡ್ತಿದೆ, ಸ್ವಿಚ್‌ಬೋರ್ಡ್ ಬಿಚ್ಚಬೇಕು, ಯುಪಿಎಸ್ ಟ್ರಾಲಿ ಜೋಡಿಸ್ಬೇಕು, ಎಲ್ಲದಕ್ಕೂ ಅದೇ. ನಮ್ಮಲ್ಲಿ ಗ್ಯಾರೇಜ್ ಅಂದ್ರೆ ಬೈಕ್ ರಿಪೇರಿ ಅಂಗಡಿ ತಾನೇ, ಸಿನಿಮಾದಲ್ಲಿ ಬರೋ ಥರ ಮನೆಗೊಂದು ಗ್ಯಾರೇಜ್ ರೂಮು ಎಲ್ಲಿದೆ, ನನ್ನ ವರ್ಕ್‌ಶಾಪು ಮೆಟ್ಟಿಲ ಕೆಳಗೆ ಸಂಪ್ ಮೋಟರ್ ಪಕ್ಕದ ನಾಲ್ಕಡಿ ಜಾಗ, ಅಲ್ಲಿ ಪ್ಲಗ್ ಪಾಯಿಂಟೂ ಇಲ್ಲ, ಹಂಗಾಗಿ ವೈರ್ ಇಲ್ದೆ ಇರೋದೇ ದೊಡ್ಡ ಸುಖ.

ಬ್ಯಾಟರಿದು ತಗೊಳ್ಳೋವಾಗ ವೋಲ್ಟಿನ ಆಟ ತಿಳ್ಕೊಳ್ಳಿ. ಒಳಗೆ ಇರೋದು ಲಿಥಿಯಂ ಸೆಲ್ಲುಗಳು, ಪೆನ್ ಟಾರ್ಚ್ ಸೆಲ್ಲಿಗಿಂತ ಒಂಚೂರು ದಪ್ಪ, ಜಾಸ್ತಿ 18 ಎಂಎಂ ಅಡ್ಡ 65 ಎಂಎಂ ಉದ್ದದ್ದು. ಒಂದೊಂದು ಸೆಲ್ಲು ಸರಾಸರಿ 3.6 ವೋಲ್ಟು, ಫುಲ್ ಚಾರ್ಜಾದಾಗ 4.2. ಐದು ಸೆಲ್ಲು ಸಾಲಾಗಿ ಜೋಡಿಸಿದ್ರೆ 18 ವೋಲ್ಟು. ಅದನ್ನೇ ಒಬ್ಬರು 20 ವೋಲ್ಟ್ ಮ್ಯಾಕ್ಸ್ ಅಂತಾರೆ, ಫುಲ್ ಚಾರ್ಜಿನ ಲೆಕ್ಕ ಹಿಡಿದು ಇನ್ನೊಬ್ಬರು 21 ವೋಲ್ಟ್ ಅಂತಾರೆ, ಮೂರೂ ಒಂದೇ. ಮೂರು ಸೆಲ್ಲಿಂದು 10.8, ಅದನ್ನೇ 12 ವೋಲ್ಟ್ ಅಂತ ಮಾರ್ತಾರೆ. ಇದೆಲ್ಲ ಇರಲಿ ಬಿಡಿ, ಕಡಿಮೆ ಬೆಲೆಯ ಮಷೀನುಗಳ ಮೇಲೆ 48, 88 ಅಂತೆಲ್ಲ ದಪ್ಪಕ್ಷರದಲ್ಲಿ ಸ್ಟಿಕ್ಕರ್ ಅಂಟಿಸಿರ್ತಾರಲ್ಲ, ಅಂಥದ್ದೊಂದನ್ನ ಫ್ರೆಂಡ್ ತಂದಿದ್ದ, ಬ್ಯಾಟರಿ ಬೇಗ ಸತ್ತೋಯ್ತು ಅಂತ ಇಬ್ರೂ ಸೇರಿ ಬಿಚ್ಚಿದ್ವಿ, ಒಳಗೆ ಐದೇ ಸೆಲ್ಲು. ಉಳಿದ ವೋಲ್ಟೆಲ್ಲ ಸ್ಟಿಕ್ಕರಲ್ಲಿತ್ತು. ಹಂಗಾಗಿ ಬ್ಯಾಟರಿ ಮೇಲೆ Ah ಅಂತ ಬರೆದಿರೋ ಆಂಪಿಯರ್ ಅವರ್ ಲೆಕ್ಕದಿಂದ ವೋಲ್ಟನ್ನ ಗುಣಿಸಿ, 18 ವೋಲ್ಟ್ 2 ಆಂಪಿಯರ್ ಅವರ್ ಅಂದ್ರೆ 36 ವ್ಯಾಟ್ ಅವರ್, ಅದು ನಿಮ್ಮ ಟ್ಯಾಂಕಲ್ಲಿರೋ ಪೆಟ್ರೋಲು, ಹೋಲಿಸೋದಾದ್ರೆ ಅದನ್ನ ಹೋಲಿಸಿ.

12ಾ 18ಾ ಅಂದ್ರೆ, ಮನೆ ಒಳಗಿನ ಕೆಲಸಕ್ಕೆ 12 ಸಾಕು ಅಂತ ನನ್ನ ಅಭಿಪ್ರಾಯ. ಒಂದು ಕೆಜಿ ಆಸುಪಾಸು ತೂಕ, ಕಬೋರ್ಡಿನ ಒಳಗೆ ಕೈ ತೂರಿಸಿದ್ರೂ ಹಿಡಿಯತ್ತೆ. 18 ತಗೊಳ್ಳೋದು ಯಾವಾಗ ಅಂದ್ರೆ ಮುಂದೆ ಅದೇ ಬ್ಯಾಟರಿಗೆ ಗ್ರೈಂಡರ್ರು, ಮರ ಕುಯ್ಯೋ ಗರಗಸ, ಬ್ಲೋವರ್ರು ಅಂತ ಸಂಸಾರ ಬೆಳೆಸೋ ಯೋಚನೆ ಇದ್ರೆ. ಯಾಕಂದ್ರೆ ಬ್ಯಾಟರಿ ಅನ್ನೋದು ಸಂಬಂಧ ಬೆಳೆಸ್ದಂಗೆ, ಒಂದು ಕಂಪನಿದು ಇನ್ನೊಂದಕ್ಕೆ ಕೂರಲ್ಲ, ಬರೀ ಮಷೀನಿಗಿಂತ ಬ್ಯಾಟರಿ ಚಾರ್ಜರಿಗೇ ಜಾಸ್ತಿ ದುಡ್ಡು ಹೋಗೋ ಸಲಾನೂ ಇದೆ. ಸ್ಕ್ರೂ ಬಿಗಿಯೋವಾಗ ಮುಂದೆ ನಂಬರ್ ಇರೋ ಬಳೆ ಇರತ್ತಲ್ಲ, ಸ್ಕ್ರೂ ಎಷ್ಟು ಬಿಗಿಯಾದ್ರೆ ನಿಲ್ಬೇಕು ಅಂತ ಹೇಳೋದು, ಅದನ್ನ ಮೂರು ನಾಲ್ಕರಿಂದ ಶುರು ಮಾಡಿ ಮೇಲಕ್ಕೆ ಹೋಗಿ. ನಾನು ಮೊದಲನೇ ದಿನ ಡ್ರಿಲ್ ಚಿತ್ರದ ಮೇಲೆ ಇಟ್ಟು ಶೂ ರ್ಯಾಕ್ ಜೋಡಿಸೋಕೆ ಹೋಗಿ ಪಾರ್ಟಿಕಲ್ ಬೋರ್ಡಿನ ಆ ಕಡೆಯಿಂದ ಸ್ಕ್ರೂ ತುದಿ ಹೊರಗೆ ಬಂತು.

ಇದರಲ್ಲಿ ಗೋಡೆ ತೂತು ಆಗಲ್ವಾ ಅಂದ್ರೆ ಆಗತ್ತೆ. ಎಎಸಿ ಗೋಡೆಗೆ ಬೇರೆ ಏನೂ ಬೇಡವೇ ಬೇಡ, ಹ್ಯಾಮರ್ ಮೋಡೂ ಬೇಡ, ಹಾಕಿದ್ರೆ ತೂತು ಲಡ್ಡಾಗಿ ಪ್ಲಗ್ಗು (ಕರೆಂಟಿಂದಲ್ಲ, ಸ್ಕ್ರೂ ಹಿಡಿಯೋಕೆ ತೂತಿಗೆ ತೂರಿಸೋ ಗೂಟ) ನಿಲ್ಲಲ್ಲ. ಬರೀ ತಿರುಗಿಸಿ, ಪ್ಲಗ್ಗಿನ ಸೈಜಿಗಿಂತ ಒಂದು ಎಂಎಂ ಚಿಕ್ಕ ಬಿಟ್ಟು ಹಾಕಿ. ಇಟ್ಟಿಗೆಗೆ 6 ಎಂಎಂ ತೂತು ಒಂದೆರಡು, ಹ್ಯಾಮರ್ ಇರೋ ಮಾಡೆಲ್ ಆದ್ರೆ ಆಗತ್ತೆ. ಕಾಂಕ್ರೀಟ್ ಹತ್ರ ಮಾತ್ರ ಕರ್ಕೊಂಡು ಹೋಗ್ಬೇಡಿ.

ಈಗ ನೇರವಾಗಿ ಯಾರು ಏನು ತಗೋಬೇಕು. ಸಾಲಿಡ್ ಬ್ಲಾಕಿನ ಸ್ವಂತ ಮನೆ, ಲಿಂಟಲ್ಲು ರೂಫು ಎಲ್ಲ ನಮ್ಮದೇ ತಲೆನೋವು ಅನ್ನೋರು: 20ರಿಂದ 26 ಎಂಎಂ ಸೈಜಿನ (ಕಾಂಕ್ರೀಟಲ್ಲಿ ಅಷ್ಟು ದಪ್ಪದ ತೂತಿನವರೆಗೆ ಹೊಡೆಯೋ) ಚಿಕ್ಕ ರೋಟರಿ ಹ್ಯಾಮರ್ ಒಂದು, 12 ವೋಲ್ಟ್ ಬ್ಯಾಟರಿ ಡ್ರಿಲ್ ಒಂದು. ಎರಡೂ ಒಟ್ಟಿಗೆ ತಗೊಳ್ಳೋಕೆ ದುಡ್ಡು ಹೊಂದಲ್ಲ ಅಂದ್ರೆ ಮೊದಲು ಬ್ಯಾಟರಿದು ತಗೊಂಡು, ಕಾಂಕ್ರೀಟ್ ತೂತೆಲ್ಲ ಒಂದು ಲಿಸ್ಟ್ ಮಾಡಿ ಒಂದಿನಕ್ಕೆ ರೋಟರಿ ಬಾಡಿಗೆ ತಗೊಂಡು ಎಲ್ಲ ಮುಗಿಸಿ, ಸೆಂಟ್ರಿಂಗ್ ಸಾಮಾನು, ಮಷೀನು ಬಾಡಿಗೆ ಕೊಡೋ ಅಂಗಡಿ ಎಲ್ಲಾ ಏರಿಯಾದಲ್ಲೂ ಇರತ್ತೆ. ಮೈವಾನ್ ಫ್ಲಾಟಿನೋರಿಗೆ ರೋಟರಿ ಬಿಟ್ರೆ ಗತಿಯಿಲ್ಲ, ಇಂಪ್ಯಾಕ್ಟ್ ಡ್ರಿಲ್ಲು ತಗೊಂಡ್ರೆ ನನ್ನ ಥರ ಹೊಗೆ ನೋಡ್ತೀರ, ಜೊತೆಗೆ ಮೇಲಿನ ಕೆಳಗಿನ ಮನೆಯೋರ ಬೈಗುಳ ಬೇರೆ, ಪೂರ್ತಿ ಕಾಂಕ್ರೀಟಲ್ವಾ, ಸದ್ದು ನಾಲ್ಕು ಫ್ಲೋರಿಗೆ ಹೋಗತ್ತೆ, ಬೇಗ ಮುಗಿಯೋ ಮಷೀನೇ ಪುಣ್ಯ. ಎಎಸಿ ಫ್ಲಾಟು: ಬ್ಯಾಟರಿ ಡ್ರಿಲ್ ಸಾಕು, ಆದ್ರೆ ಟಿವಿ, ಗೀಸರ್ ಥರ ಭಾರದ್ದು ಇದ್ರೆ ಮಷೀನಿಗಲ್ಲ, ಪ್ಲಗ್ಗಿಗೆ ದುಡ್ಡು ಹಾಕಿ, ಎಎಸಿಗೆ ಅಂತಾನೇ ಬರೋ ಉದ್ದನೆ ಪ್ಲಗ್ಗು ಕೇಳಿ ತಗೊಳ್ಳಿ.

ಬಾಡಿಗೆ ಮನೆಯೋರು, ವರ್ಷಕ್ಕೆ ನಾಲ್ಕು ತೂತು ಹೊಡೆಯೋರು, ನೀವು ಏನೂ ತಗೋಬೇಡಿ. ಫೋಟೋ ಗಡಿಯಾರಕ್ಕೆಲ್ಲ ಸ್ಟೀಲ್ ಮೊಳೆ ಸಾಕು, ಉಳಿದಿದ್ದಕ್ಕೆ ಎಲೆಕ್ಟ್ರೀಷಿಯನ್ ಕರೀರಿ, ಓನರ್ ಅಂಕಲ್‌ಗೆ ಮೊದಲೇ ಒಂದು ಮಾತು ಹೇಳಿ.

ಇಂಪ್ಯಾಕ್ಟ್ ಡ್ರಿಲ್ಲು ಹಾಗಾದ್ರೆ ಯಾರಿಗೆ? ಇಟ್ಟಿಗೆ ಮನೆ, ಮುರಕಲ್ಲು ಮನೆ, ಜೊತೆಗೆ ಕಬ್ಬಿಣ ಮರದ ಕೆಲಸಾನೂ ಇದೆ, ಬ್ಯಾಟರಿ ಚಾರ್ಜ್ ಮಾಡ್ಕೊಂಡು ಕೂರೋ ತಾಳ್ಮೆ ಇಲ್ಲ, ಆರು ತಿಂಗಳಿಗೊಮ್ಮೆ ತೆಗೆದ್ರೂ ಪ್ಲಗ್ ಹಾಕಿದ ತಕ್ಷಣ ಓಡ್ಬೇಕು, ಬಜೆಟ್ಟು ಮೂರು ಸಾವಿರದ ಆಸುಪಾಸು. ಅಂಥೋರಿಗೆ ಇದು ನಿಜಕ್ಕೂ ಒಳ್ಳೇ ಮಷೀನು, ಬೈಯೋಕೆ ಹೋಗಲ್ಲ. 10 ಎಂಎಂ ಚಕ್ಕಿನ 500 ವ್ಯಾಟಿಂದೇ ಸಾಕು, ಹಗುರ. ಸ್ಪೀಡ್ ಕಮ್ಮಿಜಾಸ್ತಿ ಮಾಡೋ ಟ್ರಿಗರ್ರು, ಉಲ್ಟಾ ತಿರುಗೋ ಬಟನ್ನು ಇದೆಯಾ ನೋಡ್ಕೊಳ್ಳಿ. ಉಲ್ಟಾ ಇಲ್ದಿದ್ರೆ ಬಿಟ್ಟು ಸಿಕ್ಕಾಕೊಂಡಾಗ ಗೊತ್ತಾಗತ್ತೆ ಅದರ ಬೆಲೆ. ಚಕ್ ಕೀನ ಹಳೇ ಸೈಕಲ್ ಟ್ಯೂಬಿನ ತುಂಡಲ್ಲಿ ವೈರಿಗೆ ಕಟ್ಟಿಡಿ, ಪ್ಲಗ್ಗಿನ ತುದಿ ಹತ್ರ ಕಟ್ಟಿ, ಆಗ ಕೀ ಬಳಸ್ಬೇಕು ಅಂದ್ರೆ ಪ್ಲಗ್ ಕೀಳಲೇಬೇಕಾಗತ್ತೆ.

ಬಿಟ್ಟುಗಳ ವಿಷಯ. ಆ ನೂರು ಐಟಮ್ಮಿನ ಕಿಟ್ಟಿಗೆ ಮರುಳಾಗ್ಬೇಡಿ ಅಂತ ಕೈ ಮುಗಿದು ಕೇಳ್ಕೋತೀನಿ. ಯಾವ ಕಂಪನಿ ಅಂತ ಬೇಡ, ನನ್ನ ಪೆಟ್ಟಿಗೆಯಿಂದ ಇವತ್ತಿಗೂ ಬಳಕೆಯಲ್ಲಿರೋದು ಟೇಪು, ಒಂದು ಸ್ಪಿರಿಟ್ ಲೆವೆಲ್ಲು, ಮತ್ತೆ ಆ ಪೆಟ್ಟಿಗೆ. ಸ್ಪ್ಯಾನರ್ರು ಮೊದಲನೇ ನಟ್ಟಿಗೇ ಬಾಯಿ ಬಿಡ್ತು. ಅದರ ಬದಲು ಬರೀ ಮಷೀನ್ ತಗೊಂಡು, ಎಸ್‌ಜೆಪಿ ರೋಡಿಗೋ ನಿಮ್ಮೂರಿನ ದೊಡ್ಡ ಹಾರ್ಡ್‌ವೇರ್ ಅಂಗಡಿಗೋ ಹೋಗಿ 6 ಎಂಎಂ ಎರಡು, 8 ಎಂಎಂ ಎರಡು, 10 ಎಂಎಂ ಒಂದು ಅಂತ ಒಳ್ಳೇ ಬಿಟ್ಟು ಬಿಡಿಯಾಗಿ ತಗೊಳ್ಳಿ. ಎಸ್‌ಪಿ ರೋಡಿಗೆ ಹೋಗ್ಬೇಡಿ ಮತ್ತೆ, ಅದು ಎಲೆಕ್ಟ್ರಾನಿಕ್ಸು ಕಂಪ್ಯೂಟರಿಗೆ, ಹೆಸರು ಒಂದೇ ಥರ ಕೇಳಿಸಿ ನಾನೇ ಒಂದ್ಸಲ ಬಿಸಿಲಲ್ಲಿ ಸುತ್ತಿದೀನಿ. ಗೋಡೆ ಬಿಟ್ಟಿನ ತುದಿ ಬಾಣದ ಥರ ಅಗಲ ಇದ್ದು ಅಲ್ಲಿ ಬೇರೆ ಬಣ್ಣದ ಲೋಹದ ಚೂರು ಕೂತಿರತ್ತೆ. ಕಬ್ಬಿಣದ ಬಿಟ್ಟಿಗೆ ಅದಿಲ್ಲ, ತುದಿ ಚೂಪು, ಅಂಚು ಹರಿತ. ಅದನ್ನ ಗೋಡೆಗೆ ಹಾಕಿದ್ರೆ ಅವತ್ತೇ ಅದರ ತಿಥಿ.

ಟೈಲ್ಸಿಗೆ ಮಾತ್ರ ಎಂಥ ಮಷೀನಿದ್ರೂ ಹ್ಯಾಮರ್ ಆಫ್. ಬಾತ್ರೂಮಲ್ಲಿ ಟವೆಲ್ ರಾಡಿಗೆ ಅಂತ ಹ್ಯಾಮರ್ ಆನ್ ಇಟ್ಟು ಮುಟ್ಟಿಸಿದ್ದಕ್ಕೆ ನಮ್ಮನೆ ಟೈಲ್ಸಲ್ಲಿ ಒಂದು ಬಿರುಕು ಮೂಲೆಯಿಂದ ಮೂಲೆಗೆ ಇವತ್ತೂ ನದಿ ಮ್ಯಾಪಿನ ಥರ ಇದೆ. ಮಾಸ್ಕಿಂಗ್ ಟೇಪ್ ಅಂಟಿಸಿ, ಟೈಲ್ಸ್ ಬಿಟ್ಟಲ್ಲಿ ನಿಧಾನಕ್ಕೆ, ನೀರು ಚಿಮುಕಿಸ್ತಾ, ಟೈಲ್ ದಾಟಿದ ಮೇಲೆ ಬೇಕಾದ್ರೆ ಹ್ಯಾಮರ್ ಹಾಕ್ಕೊಳ್ಳಿ. ನೀರು ಬಳಸೋದಾದ್ರೆ ಬ್ಯಾಟರಿದೇ ವಾಸಿ, ಕರೆಂಟಿನ ಮಷೀನ್ ಬೇಡ.

ಆಗಲೇ ಗೋಡೆಯ ಪ್ಲಗ್ಗು ಅಂದೆನಲ್ಲ, ನೆನಪಾಯ್ತು, ಹಿಂದೆಲ್ಲ ಗೋಡೆಗೆ ಮರದ ಗೂಟ ಹೊಡೆದು ಅದಕ್ಕೆ ಸ್ಕ್ರೂ ಹಾಕ್ತಿದ್ರು, ಈಗ ನಾವು ಬಳಸೋ ಸ್ಕ್ರೂ ಬಿಗಿದಂಗೆ ಅಗಲ ಆಗೋ ನೈಲಾನ್ ಪ್ಲಗ್ಗು ಜರ್ಮನಿಯ ಆರ್ಟುರ್ ಫಿಶರ್ 1958ರಲ್ಲಿ ಮಾಡಿದ್ದು, ಅದಕ್ಕೇ ಕೆಲವು ಅಂಗಡಿಯಲ್ಲಿ ಫಿಶರ್ ಕೊಡಿ ಅಂದ್ರೆ ಯಾವ ಕಂಪನಿದಾದ್ರೂ ಪ್ಲಗ್ ಕೊಡ್ತಾರೆ. ತೂತು ಹೊಡೆದ ಮೇಲೆ ಒಳಗಿನ ಪುಡಿ ಊದಿ ತೆಗೀರಿ, ಕಣ್ಣು ಮುಚ್ಚಿಕೊಂಡು ಊದಿ, ಪುಡಿ ಇದ್ರೆ ಪ್ಲಗ್ಗು ಅರ್ಧಕ್ಕೇ ನಿಲ್ಲತ್ತೆ, ಆಮೇಲೆ ಮಷೀನಿಗೆ ಬೈತೀರ.

ಕರೆಂಟಿನ ಲೆಕ್ಕ ಬಹಳ ಜನ ಕೇಳ್ತಾರೆ, ರೋಟರಿಗೆ ದೊಡ್ಡ ಸಾಕೆಟ್ ಬೇಕಾ ಅಂತ. 800 ವ್ಯಾಟನ್ನ 230ರಿಂದ ಭಾಗಿಸಿದ್ರೆ ಮೂರೂವರೆ ಆಂಪಿಯರ್ರು, ಮಾಮೂಲಿ 6 ಆಂಪಿಯರ್ ಸಾಕೆಟ್ ಸಾಕು. ಆದ್ರೆ ಕರೆಂಟ್ ಹೋದಾಗ ಮನೆ ಯುಪಿಎಸ್ಸಲ್ಲಿ ಓಡಿಸೋಕೆ ಹೋಗ್ಬೇಡಿ, ಸ್ಟಾರ್ಟಿಂಗಲ್ಲಿ ಮೋಟರು ಎಳೆಯೋದು ಜಾಸ್ತಿ, ಚಿಕ್ಕ ಯುಪಿಎಸ್ಸು ಕೂಗ್ಕೊಂಡು ಆಫ್ ಆಗತ್ತೆ. ಪ್ಲಗ್ಗಲ್ಲಿ ಎರಡೇ ಪಿನ್ ಇದೆ, ಅರ್ತಿಂಗ್ ಇಲ್ಲ ಅಂತ ಹೆದರ್ಬೇಡಿ, ಮಷೀನ್ ಮೇಲೆ ಚೌಕದೊಳಗೆ ಚೌಕದ ಗುರುತು ಇದ್ರೆ ಎರಡು ಪದರ ಇನ್ಸುಲೇಷನ್ ಅಂತ ಅರ್ಥ. ಹೆದರ್ಬೇಕಾಗಿರೋದು ಗೋಡೆ ಒಳಗಿನ ವೈರಿಗೆ. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಪೈಪ್ ಹೋಗಿರತ್ತೆ, ಆ ಸಾಲಲ್ಲಿ ತೂತು ಬೇಡ, ಬಾತ್ರೂಮಲ್ಲಿ ನಲ್ಲಿ ಮೇಲೂ ಅಷ್ಟೇ. ಪಂಚೆ ಉಟ್ಕೊಂಡು, ಕೈಗೆ ದಾರ ಬಳೆ ವಾಚ್ ಹಾಕ್ಕೊಂಡು ಡ್ರಿಲ್ ಹಿಡೀಬೇಡಿ, ಕನ್ನಡಕ ಹಾಕ್ಕೊಳ್ಳಿ, ಪಕ್ಕದ ಹಿಡಿಕೆ ಕೊಟ್ಟಿರೋದು ಶೋಗಲ್ಲ, ಬಿಟ್ಟು ಕಂಬಿಗೆ ಸಿಕ್ಕಿ ನಿಂತ್ರೆ ಮಷೀನೇ ತಿರುಗತ್ತೆ, ಮಣಿಕಟ್ಟು ಉಳುಕಿಸ್ಕೊಂಡೋರನ್ನ ನೋಡಿದೀನಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಬ್ಯಾಟರಿದನ್ನ ಬಿಟ್ಟುಬಿಡಿ, ಬ್ಯಾಟರಿ ವಯಸ್ಸು ಹೊರಗಿಂದ ಗೊತ್ತಾಗಲ್ಲ. ವೈರಿನ ಮಷೀನ್ ಆದ್ರೆ ಕತ್ತಲಲ್ಲಿ ಓಡಿಸಿ ಗಾಳಿ ಕಿಂಡಿಯಲ್ಲಿ ನೋಡಿ, ಸಣ್ಣ ನೀಲಿ ಕಿಡಿ ಮಾಮೂಲಿ, ಕಿಡಿ ಸುತ್ತ ಉಂಗುರದ ಥರ ಹಬ್ಬಿದ್ರೆ ಬೇಡ. ಬರೀ ಕಾರ್ಬನ್, ಅಂದ್ರೆ ಒಳಗೆ ತಿರುಗೋ ಮೋಟರಿಗೆ ಕರೆಂಟ್ ಮುಟ್ಟಿಸೋ ಚೂರು, ಸವೆದಿದ್ರೆ ಅದು ಕಡಿಮೆ ದುಡ್ಡಿನ ಕೆಲಸ, ನೀವೇ ಹಾಕ್ಕೋಬಹುದು. ರೋಟರಿ ಆದ್ರೆ ಬಿಟ್ಟು ಹಾಕಿ ಕಾಂಕ್ರೀಟ್ ಮೇಲೇ ಟೆಸ್ಟ್ ಮಾಡಿ, ಗಾಳಿಯಲ್ಲಿ ತಿರುಗಿಸಿದ್ರೆ ಅದು ಬಡಿಯೋದೇ ಇಲ್ಲ, ಚೆನ್ನಾಗಿರೋದೂ ಬಡಿಯಲ್ಲ.

ನನ್ನ ಆ ಮೊದಲನೇ ಡ್ರಿಲ್ ಏನಾಯ್ತು ಅಂತ ಕೇಳ್ಬಹುದು. ಎರಡು ವರ್ಷ ಮೆಟ್ಟಿಲ ಕೆಳಗೆ ಧೂಳು ತಿಂತಿತ್ತು. ಆಮೇಲೆ ಊರಿಗೆ ತಗೊಂಡ್ಹೋದೆ, ಪುತ್ತೂರು ಹತ್ರ, ಅಪ್ಪನ ಮನೆ ಪೂರ್ತಿ ಮುರಕಲ್ಲು. ಅಡಿಕೆ ಚೀಲ ನೇತು ಹಾಕೋ ಕೊಕ್ಕೆಗೆ ಅಂತ ಅಪ್ಪ ಒಂದು ತೂತು ಹೊಡೆದು ನೋಡಿದ್ರು, ಕೆಂಪು ಪುಡಿ ಸುರಿಸ್ಕೊಂಡು ಬಿಟ್ಟು ಪೂರ್ತಿ ಒಳಗೆ. ಮುರಕಲ್ಲಲ್ಲಿ ಪೊಳ್ಳು ಜಾಸ್ತಿ, ತೂತು ಅಗಲ ಆಗಿ ಪ್ಲಗ್ಗು ಸುತ್ತತ್ತೆ, ಅದಕ್ಕೆ ಅಪ್ಪ ಉದ್ದನೆ ಪ್ಲಗ್ಗಿಗೆ ಸಿಮೆಂಟ್ ಗಂಜಿ ಸವರಿ ಕೂರ್ಸಿ ಒಂದಿನ ಬಿಟ್ರು. ಮಷೀನನ್ನ ಆ ಕಡೆ ಈ ಕಡೆ ತಿರುಗಿಸಿ ನೋಡಿ ಕೇಳಿದ್ರು, "ಇದಕ್ಕೆ ಎಂತ ಆಗಿದೆ ಮಾರಾಯ? ಸರಿ ಉಂಟಲ್ಲ."